ಸೀಜನ್ ಹಾಜರಿ

9 ಜೂನ್ 2024, ಭಾನುವಾರ. ಬೆಳಿಗ್ಗೆ 6

‘ನಾನು ಯಮುನಾಬಾಯಿ ಅನಂತ ಸೊರಟೂರ. ಸರ್ಕಾರಿ ಪ್ರಾಥಮಿಕ ಶಾಲೆಗಳಲ್ಲಿ ಮೂವತ್ನಾಲ್ಕು ವರ್ಷ ಸೇವೆ. ಅದರಲ್ಲಿ ಹತ್ತೊಂಬತ್ತು ವರ್ಷ ಇದೇ ಊರಿನಲ್ಲಿ.’ ಬುಧವಾರದ ಭಾಷಣದ ಮೊದಲ ಮಾತು ಇಷ್ಟೇ ಇರಲಿ. ಮೂರನೆಯ ಕರಡು. ಬಾಲಕಾರ್ಮಿಕ ಪದ್ಧತಿ, ಪಾಲಕರ ಹೊಣೆ, ಕಾನೂನು — ಮೂವತ್ತು ನಿಮಿಷ ಸಾಕು.

ಸಭೆಯ ಕರಪತ್ರದಲ್ಲಿ ನಾಲ್ಕು ತಪ್ಪು. ಕೆಂಪು ಶಾಯಿಯಲ್ಲಿ ತಿದ್ದಿ ಮರಳಿಸಿದ್ದೇನೆ. ನಿವೃತ್ತಿಯಾಗಿ ಎಂಟು ವರ್ಷ. ಈ ಕೆಲಸವಿನ್ನೂ ನನ್ನ ಪಾಲಿಗೇ.

12 ಜೂನ್, ಬುಧವಾರ. ಸಂಜೆ

ಗದಗಿನಿಂದ ಮುಂಡರಗಿ ಬಸ್ಸು, ಡೋಣಿ ದಾಟಿ ಇಳಿದು ನಡಿಗೆ. ನಾನು ಕಲಿಸುತ್ತಿದ್ದ ಹಳೆಯ ಶಾಲೆಯ ಅಂಗಳದಲ್ಲಿ ನಲವತ್ತು ತಾಯಂದಿರು. ಗಂಡಸರು ಐದೇ ಜನ. ಭಾಷಣ ಚೆನ್ನಾಗಿ ಆಯಿತು. ಆಯಿತೆಂದುಕೊಂಡೆ.

ಆಮೇಲೆ ಸುಮಿತ್ರವ್ವ ಎದ್ದು ನಿಂತಳು. ನನ್ನ ಹಳೆಯ ವಿದ್ಯಾರ್ಥಿನಿ. ಸೆರಗು ಸರಿಮಾಡಿಕೊಂಡು, ಮೆಲ್ಲಗೆ —

“ಅಕ್ಕೋರ, ಹುಡುಗಿನ್ನ ದುಡ್ಯಾಕ ಕಳಸೂದು ತಪ್ಪಂತ ನನಗ ಗೊತ್ತೈತ್ರಿ. ಹತ್ತಿ ಕ್ರಾಸಿಂಗ್ ಸುರು ಆದ್ರ ನಾವು ಗಂಡ ಹೆಂಡ್ತಿ ಮೂರು ತಿಂಗಳು ಹೊಲದಾಗ ಇರ್ತೇವಿ, ಅದು ಮುಗದ್ರ ಮೆಣಸಿನಕಾಯಿ ಬಿಡಸಾಕ. ಸುನಿತಾನ್ನ ಯಾರ ಹತ್ರ ಬಿಡ್ಲಿ? ನೀವ ಇಟ್ಕೋತೀರೇನು?”

ಹಿಂದಿನಿಂದ ಲಾಲಬಿ, “ಇಟ್ಕೋರ್ರಿ ಅಕ್ಕೋರ, ರೊಟ್ಟಿನರ ಬಡದ ಹಾಕ್ತಾಳ” ಎಂದಳು. ಎಲ್ಲರೂ ನಕ್ಕರು. ನಾನು ನಗಲಿಲ್ಲ.

ಅರ್ಧಕ್ಕೆ ಶಾಲೆ ಬಿಟ್ಟ ಹೆಣ್ಣುಮಕ್ಕಳಿಗೆಂದೇ ವಸತಿ ಶಾಲೆ ಇದೆ, ಅರ್ಜಿ ಹಾಕು ಎಂದೆ.

“ಹಾಕೇನ್ರಿ. ಬ್ಯಾಡ ಅಂದಾರ. ನೀವ ಓದ್ರಿ.” ಕುಪ್ಪಸದೊಳಗಿನಿಂದ ಮಡಿಸಿದ ಕಾಗದ ತೆಗೆದುಕೊಟ್ಟಳು.

ಗಟ್ಟಿಯಾಗಿ ಓದಿದೆ. ‘ಹಾಜರಿ ಪುಸ್ತಕದ ಪ್ರಕಾರ ಸದರಿ ವಿದ್ಯಾರ್ಥಿನಿ ಐದನೆಯ ತರಗತಿಗೆ ವರ್ಷವಿಡೀ ಹಾಜರಾಗಿದ್ದು, ಶಾಲೆ ಬಿಟ್ಟವಳೆಂದು ಪರಿಗಣಿಸಲು ಬರುವುದಿಲ್ಲ.’ ಮರುಪರಿಶೀಲನೆಗೆ ಜೂನ್ 28 ಕೊನೆಯ ದಿನ.

“ಐದು ತಿಂಗಳು ಹೊಲದಾಗ ಇದ್ದಾಕಿ ಸಾಲ್ಯಾಗ ಹೆಂಗ ಇದ್ಲರಿ?”

ಕಾಗದ ಮಡಿಸಿ ಅವಳ ಕೈಗಿಟ್ಟೆ. ಹೇಗೆಂದು ನನಗೆ ಗೊತ್ತಿತ್ತು.

14 ಜೂನ್, ಶುಕ್ರವಾರ

ಮತ್ತೆ ಶಾಲೆಗೆ ಹೋದೆ. ಮುಖ್ಯೋಪಾಧ್ಯಾಯ ಮೌನೇಶ — ನನ್ನ ಕೈಕೆಳಗೆ ಸಹಶಿಕ್ಷಕನಾಗಿದ್ದವನು, ಚಾರ್ಜು ಕೊಟ್ಟದ್ದೂ ನಾನೇ — ಕುರ್ಚಿ ಬಿಟ್ಟು ಎದ್ದ. ಸುನಿತಾಳ ಹಾಜರಿಯ ಮಾತೆತ್ತಿದೆ.

“ಸೀಜನ್ ಹಾಜರಿ ಅಲ್ಲೇನ್ರಿ ಅಕ್ಕೋರ ಅದು? ನೀವ ಕಲಿಸಿದ್ದು. ಹೆಸರು ಹೊಡೀಬ್ಯಾಡ, ಸುಗ್ಗಿ ಮುಗದ್ರ ತಿರುಗಿ ಬರ್ತಾವ ಅಂದಿದ್ರಿ.”

ಅಂದದ್ದು ನಿಜ. ಹತ್ತಿಬೀಜದ ಹೊಲದಲ್ಲಿ ಕ್ರಾಸಿಂಗ್ ಎಂದರೆ ಮೊಗ್ಗು ಸುಲಿದು ಪರಾಗ ಹಚ್ಚುವುದು; ಅದಕ್ಕೆ ಸಣ್ಣ ಬೆರಳೇ ಬೇಕೆಂದು ಮಕ್ಕಳನ್ನು ಒಯ್ಯುತ್ತಿದ್ದರು. ಗೈರುಹಾಜರಿ ಬರೆದರೆ ಹೆಸರು ಹೋಗುತ್ತದೆ. ಹೆಸರು ಹೋದ ಮಗು ತಿರುಗಿ ಬರುವುದಿಲ್ಲ. ಆದ್ದರಿಂದ ಹಾಜರಿ ಹಾಕಿದೆ. ಪಾಲಕರು ಕೈಮುಗಿದರು. ಕರುಣೆಯೆಂದೇ ನಂಬಿದ್ದೆ. ತಾಲೂಕಿನಲ್ಲಿ ಹಾಜರಾತಿಗೆ ಮೊದಲನೆಯ ಸ್ಥಾನ ಬಂದಾಗ ಶಾಲು ಹೊದಿಸಿಕೊಂಡದ್ದೂ ನಾನೇ.

“ಹುಡುಗಿ ಬಂದಿರಲಿಲ್ಲ ಅಂತ ಈಗ ಬರೆದು ಕೊಡು.”

“ನನ್ನ ನೌಕರಿ ಹೊಕ್ಕೈತ್ರಿ. ಮನ್ಯಾಗ ಎರಡು ಕೂಸದಾವ.”

ಹೊರಗೆ ಗೇಟಿನ ಬಳಿ ಸುನಿತಾ ಕಾಯುತ್ತಿದ್ದಳು. ಹನ್ನೊಂದು ವರ್ಷ. ಸಣಕಲು. “ಅಕ್ಕೋರ, ಹಾಸ್ಟೆಲಿನ್ಯಾಗ ಒಬ್ಬೊಬ್ಬರಿಗೆ ಒಂದೊಂದು ಮಂಚ ಇರ್ತಾವಂತ. ಖರೇ ಏನ್ರಿ?”

ಖರೆ ಎಂದೆ.

22 ಜೂನ್, ಶನಿವಾರ

ಎಂಟು ದಿನ ಬರೆಯಲಿಲ್ಲ. ಜ್ವರವಿರಲಿಲ್ಲ. ನೆಂಟರೂ ಬಂದಿರಲಿಲ್ಲ.

ಶಿಕ್ಷಣಾಧಿಕಾರಿಗಳಿಗೆ ಹಾಜರಿ ಸುಳ್ಳೆಂದು ಒಪ್ಪುವ ಪತ್ರದ ಎರಡು ಕರಡು. ಮೊದಲನೆಯದರಲ್ಲಿ ‘ಕಣ್ತಪ್ಪಿನಿಂದ’ ಎಂದಿತ್ತು. ಎರಡನೆಯದರಲ್ಲಿ ‘ಅಂದಿನ ಪರಿಸ್ಥಿತಿಯಲ್ಲಿ ಅನಿವಾರ್ಯವಾಗಿ’. ಮಕ್ಕಳು ಹೀಗೆ ಬರೆದಿದ್ದರೆ ಕಿವಿ ಹಿಂಡುತ್ತಿದ್ದೆ. ಹರಿದು ಹಾಕಿದೆ.

ಮಧ್ಯಾಹ್ನ ಟ್ರಂಕು ತೆಗೆದೆ. ಹಳೆಯ ದಿನಚರಿಗಳು. 1998, ಸೆಪ್ಟೆಂಬರ್: ‘ಸೀಜನ್ನಿಗೆ ಹೋದವರು — ಹನ್ನೊಂದು.’ ಕೆಳಗೆ ಹೆಸರುಗಳು. ಸರ್ಕಾರದ ಪುಸ್ತಕದಲ್ಲಿ ಸುಳ್ಳು, ಇಲ್ಲಿ ಸತ್ಯ. ಆರನೆಯ ಹೆಸರು ಸುಮಿತ್ರಾ, ಮೂರನೆಯ ತರಗತಿ. 1999ರಲ್ಲಿಯೂ ಇದ್ದಾಳೆ. 2000ದಲ್ಲಿಯೂ.

ಇವಳು ಆ ಹನ್ನೊಂದರಲ್ಲಿ ಒಬ್ಬಳೆಂದು ಸಭೆಯಲ್ಲಿ ನೆನಪಾಗಲಿಲ್ಲವಲ್ಲ...

25 ಜೂನ್, ಮಂಗಳವಾರ

ಸಂಜೆ ಮೌನೇಶ ಮನೆಗೆ ಬಂದ. ಚಹಾ ಮುಟ್ಟಲಿಲ್ಲ. ಹೊಣೆ ಪೂರ್ತಿ ನನ್ನ ಮೇಲೆ ಹಾಕಿಕೊಂಡು ಬರೆಯುತ್ತೇನೆ, ನಿನ್ನ ಹೆಸರು ಬರುವುದಿಲ್ಲ ಎಂದೆ.

ಚೀಲದಿಂದ ಹಾಜರಿ ಪುಸ್ತಕದ ಜೆರಾಕ್ಸ್ ಪ್ರತಿ ತೆಗೆದು ಮೇಜಿನ ಮೇಲಿಟ್ಟ.

“ಹ್ವಾದ ವರ್ಷದ ಪುಸ್ತಕದಾಗ ಸಹಿ ನಂದೈತ್ರಿ. ನನ್ನ ಹೆಸರು ಬಿಟ್ರ ಅವರು ನಂಬೂದಿಲ್ಲ. ಹುಡುಗಿಗೆ ಸೀಟು ಸಿಗೂದಿಲ್ಲ.”

“ಮನೆಯಲ್ಲಿ ಹೇಳಿದ್ದೀಯಾ?”

“ಇಲ್ಲರಿ. ಬಸ್ಸಿನ್ಯಾಗ ಕುಂತು ಹೆಂಗ ಹೇಳ್ಬೇಕಂತ ವಿಚಾರ ಮಾಡಾಕತ್ತಿದ್ದೆ.”

ಚಪ್ಪಲಿ ಮೆಟ್ಟುವಾಗ ಕಾಲಿಗೆ ನಮಸ್ಕರಿಸಿದ. ಬೇಡವೆನ್ನುವುದರೊಳಗೆ ಮೆಟ್ಟಿಲಿಳಿದಿದ್ದ.

27 ಜೂನ್, ಗುರುವಾರ. ಬೆಳಿಗ್ಗೆ 10

ಮೊದಲನೆಯ ಬಸ್ಸಿಗೆ ಸುಮಿತ್ರವ್ವ ಮಗಳೊಡನೆ ಬಂದಳು. ಪತ್ರ ನಾಳೆ ಖುದ್ದಾಗಿ ಕೊಡಬೇಕು. ತಾಯಿಯ ಹೇಳಿಕೆಯನ್ನು ನಾನೇ ಬರೆದು ಓದಿ ಹೇಳಿದೆ: ಮಗಳು ಸೆಪ್ಟೆಂಬರಿನಿಂದ ಜನವರಿಯವರೆಗೆ ಶಾಲೆಗೆ ಹೋಗಿಲ್ಲ, ನನ್ನ ಜೊತೆ ಹೊಲದಲ್ಲಿ ದುಡಿದಿದ್ದಾಳೆ. ತಲೆಯಾಡಿಸಿದಳು.

ಪೆನ್ನು ಮುಂದಿಟ್ಟೆ. ತೆಗೆದುಕೊಳ್ಳಲಿಲ್ಲ.

“ಮಸಿ ಪ್ಯಾಡ್ ಐತೇನ್ರಿ ಅಕ್ಕೋರ?”

“ಸಹಿ ಮಾಡು. ಐದನೆಯ ತರಗತಿ ಪಾಸಾದವಳು ನೀನು. ಶಾಲೆ ಬಿಟ್ಟ ದಾಖಲೆ ಕೊಟ್ಟವಳು ನಾನು.”

“ಹೌದ್ರಿ. ನೀವ ಕೊಟ್ಟೀರಿ.” ಸಿಟ್ಟಿರಲಿಲ್ಲ ದನಿಯಲ್ಲಿ. “ತಂದೇನ್ರಿ ಅದನ್ನ. ಕಾಗದ ಪತ್ರ ಎಲ್ಲಾ ತಗೊಂಬಾ ಅಂದಿದ್ರಲ್ಲಾ.”

ಪ್ಯಾಡ್ ಇರಲಿಲ್ಲ. ನನ್ನ ಪೆನ್ನಿನ ಶಾಯಿಯನ್ನೇ ಅವಳ ಹೆಬ್ಬೆರಳಿಗೆ ಸವರಿದೆ. ಸುನಿತಾ ನೋಡುತ್ತಿದ್ದಳು.

ರಾತ್ರಿ 8

ಪತ್ರ ಮುಗಿಯಿತು. ‘ಕಣ್ತಪ್ಪು’ ಇಲ್ಲ, ‘ಅನಿವಾರ್ಯ’ವೂ ಇಲ್ಲ. ಪದ್ಧತಿಯನ್ನು ಆರಂಭಿಸಿದವಳು ನಾನು, ಕಲಿಸಿದವಳು ನಾನು, ನಡೆಸಿಕೊಂಡು ಬಂದವನು ಮೌನೇಶ. ಹುಡುಗಿಗೆ ಸ್ಥಾನ ಕೊಡಬೇಕು. ಲಗತ್ತುಗಳನ್ನು ಇಲ್ಲಿಯೂ ಬರೆದಿಡುತ್ತೇನೆ:

1. ಕುಮಾರಿ ಸುನಿತಾಳ ತಿರಸ್ಕೃತ ಅರ್ಜಿ.

2. 2023–24ರ ಹಾಜರಿ ಪುಸ್ತಕದ ನಕಲು, ಮುಖ್ಯೋಪಾಧ್ಯಾಯರ ಸಹಿಯೊಡನೆ.

3. ನನ್ನ 1998, 1999, 2000ದ ದಿನಚರಿಯ ಪುಟಗಳು.

4. ತಾಯಿಯ ಹೇಳಿಕೆ. ಎಡಗೈ ಹೆಬ್ಬೆಟ್ಟಿನ ಗುರುತು.

5. ಅದೇ ತಾಯಿ ಐದನೆಯ ತರಗತಿಯಲ್ಲಿ ಉತ್ತೀರ್ಣಳಾದ ಬಗ್ಗೆ ಶಾಲೆ ಬಿಟ್ಟ ದಾಖಲೆ. ಓದು: ಉತ್ತಮ. ಬರಹ: ಉತ್ತಮ. ಹಾಜರಿ —