ಒಂದೇ ಗುಟುಕಿನ ನಿಯಮ

ಏಪ್ರಿಲ್ ೬, ಭಾನುವಾರ

ನನ್ನ ಗುಬ್ಬೀ,

ಹೇಗಿದ್ದೀಯ ಎಂದು ಕೇಳಕೂಡದೆಂದು ನಿನ್ನಮ್ಮನ ಕಟ್ಟಪ್ಪಣೆಯಾಗಿದೆ; ಆದ್ದರಿಂದ ಕೇಳುತ್ತಿಲ್ಲ. ಹೊತ್ತಿಗೆ ಸರಿಯಾಗಿ ಉಣ್ಣುತ್ತಿದ್ದೀಯಾ ಎಂದಷ್ಟೇ ವಿಚಾರಿಸುತ್ತೇನೆ. ಉತ್ತರ ತಡವಾಯಿತು, ಬೈಯಬೇಡ. ನೀನು ಹತ್ತಿಯಲ್ಲಿ ಸುತ್ತಿ ಕಳಿಸಿದ ಪುಟ್ಟ ಲೋಟ ಎಂದೋ ತಲುಪಿದೆ. "ಅಪ್ಪಾ, ಇದು ನನ್ನ ಕಣ್ಣೆದುರು ಇರೋದು ಬೇಡ, ಎಸೆಯೋಕೂ ಕೈ ಬರ್ತಿಲ್ಲ. ನಿಮ್ಮ ಬೀರುವಿನಲ್ಲಿ ಲೋಟಗಳ ಗುಂಪಿನ ಜೊತೆ ಇಟ್ಟುಬಿಡಿ" ಎಂದು ಬರೆದಿದ್ದೆ. ಸುಮ್ಮನೆ ಇಟ್ಟುಬಿಡಬಹುದಿತ್ತು. ಆದರೆ ನಿನ್ನಪ್ಪ ಗುಟುಕು ಲೋಟ ಸಂಗ್ರಾಹಕರ ಸಂಘದ ಅಧ್ಯಕ್ಷ ನೋಡು, ಅಲ್ಲೇ ಬಂತು ತಾಪತ್ರಯ.

ಅಂಗಡಿಯವರು ಶಾಟ್ ಗ್ಲಾಸ್, ಒಂದೇ ಗುಟುಕಿಗೆ ಮದ್ಯ ಇಳಿಸುವ ಲೋಟ, ಎಂದು ಕೂಗಿ ಮಾರುವುದನ್ನೆಲ್ಲ ನಾವು ಒಪ್ಪುವವರಲ್ಲ. ಹಲ್ಲುಕಡ್ಡಿ ಇಡುವ ಗಾಜು, ಮೊಟ್ಟೆ ಕೂರಿಸುವ ಬಟ್ಟಲು, ಮೇಣದಬತ್ತಿ ಹಚ್ಚುವ ಕುಡಿಕೆ, ಎಲ್ಲವೂ ವೇಷ ಹಾಕಿಕೊಂಡು ಬರುತ್ತವೆ. ಅವುಗಳನ್ನು ಬಾಗಿಲಲ್ಲೇ ತಡೆಯಲು ನಾನೇ ನಿಯಮ ಬರೆದೆ: ಲೋಟ ತೊಳೆದು, ಕಂಠಮಟ್ಟ ನೀರು ತುಂಬಿ, ಸದಸ್ಯರೊಬ್ಬರು ಸಭೆಯೆದುರು ಒಂದೇ ಗುಟುಕಿಗೆ ಮುಗಿಸಬೇಕು. ಕುಡಿಯಲೆಂದು ಹುಟ್ಟದ ಲೋಟ ಗಲ್ಲದ ಮೇಲೆ ನೀರು ಸುರಿದು ತಾನಾಗಿ ಸಿಕ್ಕಿಬೀಳುತ್ತದೆ. ಪಾಸಾಗದ್ದು ಯಾವ ಸದಸ್ಯನ ಬೀರುವಿನಲ್ಲೂ ಇರುವಂತಿಲ್ಲ. ನಮ್ಮ ಸದಸ್ಯ ದರ್ಜಿಯವರ ಮುದ್ದಿನ ನೀಲಿ ಲೋಟ ಹೀಗೇ ಹೊರಬಿದ್ದದ್ದಕ್ಕೆ ಅವರು ವರ್ಷವಿಡೀ ನನ್ನ ಪ್ಯಾಂಟು ಮುಟ್ಟಲಿಲ್ಲ. "ಒಂದು ತೊಟ್ಟು ಕುಡಿಯದವರು, ಕುಡಿಯೋ ಲೋಟಕ್ಕೆ ಕಾನೂನು ಮಾಡೋಕೆ ಹೊರಟಿದ್ದಾರೆ!" ಎಂದು ನಿನ್ನಮ್ಮ ಆಗಲೇ ಷರಾ ಬರೆದಿದ್ದಳು.

ಹೋದ ವಾರ ಇನ್ನೊಬ್ಬ ಸದಸ್ಯರಾದ ಹಲ್ಲಿನ ಡಾಕ್ಟರಲ್ಲಿ, ರೋಗಿಗಳು ಕಾಯುವ ಕೋಣೆಯಲ್ಲಿ ಸಭೆ. ಲೋಟವನ್ನು ಮೇಜಿನ ಮೇಲಿಟ್ಟೆ. ಎಲ್ಲಿಂದ ಬಂತೆಂದು ಹೇಳಲಿಲ್ಲ.

"ಔಷಧಿ ಲೋಟ ಕಣ್ರೀ ಇದು. ಅಳತೆ ಗೆರೆ ಇದೆ," ಎಂದರು ಡಾಕ್ಟರು.

"ಗೆರೆ ಇದ್ರೇನಂತೆ? ನನ್ನ ಟೇಪಿನಲ್ಲೂ ಇದೆ," ಎಂದರು ದರ್ಜಿ. "ಮಾತ್ಯಾಕೆ, ಕುಡಿದೇ ನೋಡೋಣ. ಅಧ್ಯಕ್ಷರ ಲೋಟಕ್ಕೆ ಬೇರೆ ಕಾನೂನಾ?"

ನಮ್ಮ ಅಧಿಕೃತ ನುಂಗುವವರು ನಿವೃತ್ತ ಬಸ್ ಚಾಲಕರು. ಅವರ ಗಂಟಲಿನಲ್ಲಿ ಬಸ್ಸೇ ತಿರುಗಿಸಬಹುದು. ಲೋಟವನ್ನು ಬೆಳಕಿಗೆ ಹಿಡಿದರು. "ತಳದಲ್ಲಿ ಏನೋ ಬಿಳಿ ಕಟ್ಟಿದೆಯಲ್ಲ. ತಡೀರಿ, ತೊಳೆದು ಒಂದೇ ಏಟಿಗೆ ಮುಗಿಸ್ತೀನಿ," ಎಂದು ನಲ್ಲಿಯತ್ತ ನಡೆದರು.

ಮಂಡಿನೋವಿನ ನಿನ್ನಪ್ಪ ಕುರ್ಚಿ ಉರುಳಿಸಿಕೊಂಡು ಓಡಿದ, ಗುಬ್ಬಿ. ನೀರು ಬೀಳುವ ಮೊದಲೇ ಕಿತ್ತುಕೊಂಡೆ.

"ಏನಾಯ್ತು ಅಧ್ಯಕ್ಷರೇ?"

"ಸೋರುತ್ತೆ."

"ಸೋರಿದ್ರೆ ಸೋರಲಿ ಬಿಡಿ. ನೀರು ತಾನೇ?"

"ಬೇಡ ಅಂದೆನಲ್ಲ!"

ನನ್ನ ಗಂಟಲಿನಿಂದ ಅಷ್ಟು ದೊಡ್ಡ ಸದ್ದು ಬರುತ್ತದೆಂದು ನನಗೇ ಗೊತ್ತಿರಲಿಲ್ಲ. ಕೊನೆಗೆ ದರ್ಜಿಯೇ, ನನ್ನ ಮುಖ ನೋಡದೆ, "ಪರೀಕ್ಷೆ ಆಗ್ಲಿಲ್ಲ ಅಂದ್ಮೇಲೆ ಅಮಾನ್ಯ. ಜೋಪಾನವಾಗಿ ಮನೆಗೆ ತಗೊಂಡು ಹೋಗಿ," ಎಂದು ತಮ್ಮ ಕರವಸ್ತ್ರದಲ್ಲಿ ಅದನ್ನು ಸುತ್ತಿಕೊಟ್ಟರು.

ಹೀಗಾಗಿ ನೀನು ಕೇಳಿದ ಒಂದೇ ಒಂದು ಕೆಲಸ ನನ್ನಿಂದ ಆಗಲಿಲ್ಲ. ಗುಂಪಿನಲ್ಲಿ ಕಾಣದಂತಾಗಲಿ ಎಂದು ನೀನು ಕಳಿಸಿದ್ದು ಈಗ ನನ್ನ ಮಂಚದ ಪಕ್ಕ, ಕನ್ನಡಕದ ಜೊತೆ ಕೂತಿದೆ. ನಿನ್ನಮ್ಮ ಧೂಳು ಹೊಡೆಯುವಾಗ ಅದರ ಸುತ್ತ ಒರೆಸುತ್ತಾಳೆ, ಎತ್ತುವುದಿಲ್ಲ.

ಅಳಿಯಂದಿರಿಗೂ ಸ್ವಲ್ಪ ಅಳಲು ಬಿಡು. ಗಂಡಸರಿಗೆ ಯಾರಾದರೂ ಹೇಳಿಕೊಡಬೇಕಾಗುತ್ತದೆ. ನಿನ್ನ ಕಣ್ಣಿಗೆ ನಿದ್ದೆ ಹತ್ತಲಿ ಮಗಳೇ, ಈ ಸಲಕ್ಕೆ ನನ್ನ ಆಶೀರ್ವಾದ ಅಷ್ಟೇ.

ನಿನ್ನ ಅಪ್ಪ
(ಅಧ್ಯಕ್ಷ, ಸದ್ಯಕ್ಕೆ)

ಮರೆತ ಮಾತು: ಲೋಟ ಸೋರುವುದಿಲ್ಲ. ಆಸ್ಪತ್ರೆಯಲ್ಲಿ ನರ್ಸಮ್ಮ "ಈ ಲೋಟದ ಹಾಲು ಪೂರ್ತಿ ಕುಡೀಲಿ, ಮಗೂನ ಮನೆಗೆ ಕಳಿಸ್ತೀವಿ" ಎಂದಿದ್ದರಲ್ಲ. ನೀನು ಲೋಟದ ಅಂಚನ್ನು ಮಗುವಿನ ತುಟಿಗಿಟ್ಟು ಹನಿಹನಿಯಾಗಿ ಕುಡಿಸುತ್ತಿದ್ದೆ. ನಾನು ಗಾಜಿನಾಚೆ ನಿಂತು ಹಾಲು ಎಲ್ಲಿಗೆ ಇಳಿಯಿತೆಂದು ನೋಡುತ್ತಿದ್ದೆ. ಅರ್ಧದ ಗೆರೆಯಿಂದ ಕೆಳಗೆ ಅದು ಒಂದು ದಿನವೂ ಇಳಿಯಲಿಲ್ಲ. ಆ ಲೋಟವನ್ನು ಇನ್ನೊಬ್ಬರು ಒಂದೇ ಗುಟುಕಿಗೆ ಮುಗಿಸುವುದನ್ನು ನನ್ನಿಂದ ನೋಡಲಾಗುತ್ತಿರಲಿಲ್ಲ. ತಳದ ಹಾಲಿನ ಬಿಳಿ ಹಾಗೇ ಇದೆ. ತೊಳೆಯಬೇಕೋ ಬೇಡವೋ, ನೀನು ಬಂದು ಹೇಳು.