ಐಸಿಲ್ಡಾಳ ಮಂಚ ತಿರುಗಿಸುವ ಮೊದಲು

ಸೆಪ್ಟೆಂಬರ್ 2, ಸೋಮವಾರ. ಬೆಳಗ್ಗೆ

ಬರೆಯುವುದು ನನ್ನ ಕೆಲಸವಲ್ಲ. ಮೂರನೇ ಕ್ಲಾಸಿನಲ್ಲಿದ್ದಾಗ ಅಪ್ಪ ಕಿವಿ ಹಿಡಿದು ದೋಣಿಗೆ ಎಳೆದುಕೊಂಡು ಹೋದ. ಆಮೇಲೆ ಪೆನ್ನು ಹಿಡಿದದ್ದು ಮದುವೆಯ ದಿನ ಒಂದು ಸಲ, ಈ ಮೇ ತಿಂಗಳಲ್ಲಿ ಹೆಂಡತಿಯ ಸಾವಿನ ಕಾಗದಕ್ಕೆ ಒಂದು ಸಲ. ಈಗ ಮಗಳ ಹುಕುಂ — ದಿನಾ ಬರಿ ಅಪ್ಪ, ಏನು ಆಚೆ ಹಾಕಿದೆ, ಏನು ಇಟ್ಟುಕೊಂಡೆ, ಯಾಕೆ. ಬರೆದರೆ ಎದೆ ಹಗುರ ಆಗುತ್ತಂತೆ. ಎದೆ ಏನು ಮೂಟೆಯಾ, ಇಳಿಸಿ ಇಡೋಕೆ?

ಮಗಳು ನಾವೆಲೆಟ್ ಮಾಂಟೆಗೋ ಬೇ ಊರಿನ ಹೋಟೆಲಿನಲ್ಲಿ ಕೋಣೆ ಕ್ಲೀನ್ ಮಾಡುವ ಹೆಂಗಸರ ಮೇಲೆ ಮೇಸ್ತ್ರಿ. ಹೋಟೆಲ್ ಕೋಣೆ ಅರ್ಧ ಗಂಟೆಯಲ್ಲಿ ಹೊಸದಾಗುತ್ತೆ ಅಂತಾಳೆ. ಆಗದೆ ಏನು. ಅಲ್ಲಿ ಯಾರೂ ಬಾಳಿರೋದಿಲ್ಲವಲ್ಲ.

ನಾಲ್ಕು ರಟ್ಟಿನ ಪೆಟ್ಟಿಗೆ ಇಟ್ಟು ಹೋಗಿದ್ದಾಳೆ. ಮೇಲೆ ದಪ್ಪ ಅಕ್ಷರ. ಇಡು. ಕೊಡು. ಎಸೆ. ಗೊತ್ತಿಲ್ಲ. ಸಾಮಾನು ಕೈಗೆ ಬಂದರೆ ಯಾವುದಾದರೂ ಒಂದಕ್ಕೆ ಹೋಗಲೇಬೇಕು, ತೆಗೆದ ಜಾಗಕ್ಕೇ ವಾಪಸ್ ಇಡುವ ಹಾಗಿಲ್ಲ. ಅಡುಗೆಮನೆಯಿಂದ ಶುರು, ದಿನಕ್ಕೊಂದು ಕಪಾಟು. ಮನಸ್ಸಿಗೆ ಹತ್ತಿರವಾದದ್ದು ಕೊನೆಗೆ. "ಗೊತ್ತಿಲ್ಲ" ಪೆಟ್ಟಿಗೆಗೆ ಟೇಪ್ ಹಚ್ಚಿ ಮೇಲೊಂದು ತಾರೀಖು ಬರೆಯಬೇಕು. ಅಷ್ಟರಲ್ಲಿ ಬಿಚ್ಚುವ ಅಗತ್ಯ ಬರದಿದ್ದರೆ, ಒಳಗೆ ನೋಡದೆ ಆಚೆ.

ಇದೆಲ್ಲ ಯಾಕೆಂದರೆ ಬರ್ಡಿಗೆ ಕೋಣೆ ಬೇಕು. ಬರ್ಡಿ ನನ್ನ ಹೆಂಡತಿ ಐಸಿಲ್ಡಾಳ ಅಕ್ಕ. ಜುಲೈ ಬಿರುಗಾಳಿಗೆ ಅವಳ ಮನೆಯ ತಗಡು ಹಾರಿ ಸಮುದ್ರ ಸೇರಿತು. ಒಂದು ಚೀಲ, ಒಂದು ಬೈಬಲ್ ಹಿಡಿದು ಬಂದವಳು ನಡುಮನೆಯ ಸೋಫಾದ ಮೇಲೆ ಮಲಗುತ್ತಾಳೆ. ಊದಿದ ಕಾಲು ಸೋಫಾದಿಂದ ಆಚೆ ಚಾಚಿರುತ್ತದೆ. ನಾನು ವರಾಂಡದಲ್ಲಿ, ಬಲೆಯ ಜೋಲಿಯಲ್ಲಿ. ಒಳಗಿನ ಕೋಣೆಯಲ್ಲಿ ಒಳ್ಳೆ ಮಂಚ ಖಾಲಿ ಇದೆ.

ಖಾಲಿ ಅಂತ ಅವರು ಹೇಳುತ್ತಾರೆ.

ಮೊದಲ ಕಪಾಟು. ಬೆಣ್ಣೆ ಡಬ್ಬ, ಐಸ್‌ಕ್ರೀಮ್ ಡಬ್ಬ. ಒಂದರಲ್ಲೂ ಬೆಣ್ಣೆ ಇಲ್ಲ, ಐಸ್‌ಕ್ರೀಮ್ ಇಲ್ಲ. ದಾರ, ಗುಂಡಿ, ಒಣಗಿದ ಸೊಪ್ಪು. ಬರ್ಡಿ ಕುರ್ಚಿಯಲ್ಲಿ ಕೂತು ಜಡ್ಜ್ ಥರ ತೀರ್ಪು ಕೊಟ್ಟಳು.

"ಅದನ್ನ ಎಸಿ."

"ಯಾಕೆ?"

"ಮುಚ್ಚಳ ಇಲ್ಲ."

"ನಿನಗೂ ಹಲ್ಲಿಲ್ಲ. ಎಸೀಲಾ?"

ಇವತ್ತಿಗೆ ಸಾಕು. ಕೈ ನೋವು.


ಸೆಪ್ಟೆಂಬರ್ 3

ಗಂಜಿಗೆ ಸಕ್ಕರೆ ಅಂತ ಉಪ್ಪು ಸುರಿದೆ. ಚಮಚದ ತುಂಬ. ನಿನ್ನೆ ನಾನು ಬೆನ್ನು ತಿರುಗಿಸಿದಾಗ ಬರ್ಡಿ ಶೆಲ್ಫ್ ಜೋಡಿಸಿದ್ದಾಳೆ. ದಿನಾ ಬೇಕಾದದ್ದು ಮುಂದೆ, ಯಾವಾಗಲೋ ಬೇಕಾದದ್ದು ಹಿಂದೆ. ಮಗಳು ಹೇಳಿಕೊಟ್ಟ ಕ್ರಮ. ನಾನು ನೋಡಿ ತೆಗೆಯುವವನಲ್ಲ. ಎಡಕ್ಕೆ ಕೈ ಹಾಕಿದರೆ ಸಕ್ಕರೆ. ಯಾವಾಗಲೂ.

ಐಸಿಲ್ಡಾಳ ಕಣ್ಣು ಸಕ್ಕರೆ ಕಾಯಿಲೆಗೆ ಹೋಯಿತು. ಮೊದಲು ಬಲಗಣ್ಣು, ಆಮೇಲೆ ಎಡಗಣ್ಣು. ಹಠಮಾರಿ. ಕೋಲು ಹಿಡಿಯಲಿಲ್ಲ. "ನನ್ನ ಮನೇಲಿ ನಾನ್ಯಾಕೆ ಕೋಲು ಹಿಡೀಲಿ? ನೀನು ಸಾಮಾನು ಅಲ್ಲಾಡಿಸ್ಬೇಡ ಅಷ್ಟೆ."

ಅಲ್ಲಾಡಿಸಲಿಲ್ಲ. ಉಪ್ಪಿನ ಡಬ್ಬಕ್ಕೆ ರಬ್ಬರ್ ಬ್ಯಾಂಡ್. ಕೋಣೆಯ ಬಾಗಿಲಿಂದ ಹೊರಟರೆ ಮೇಜಿನ ಮೂಲೆ, ಮೂಲೆಯಿಂದ ಕುರ್ಚಿಯ ಬೆನ್ನು, ಕುರ್ಚಿಯಿಂದ ಅಡುಗೆಮನೆಯ ಚೌಕಟ್ಟು. ಒಂದನ್ನು ಬಿಡುವಷ್ಟರಲ್ಲಿ ಇನ್ನೊಂದು ಕೈಗೆ ಸಿಗಬೇಕು. ಬಂದವರು ಕುರ್ಚಿ ಎಳೆದು ಕೂತು ಹಾಗೇ ಬಿಟ್ಟು ಹೋದರೆ ಕೂಗಾಡುತ್ತಿದ್ದೆ. ಪಾದ್ರಿಗೂ ಕೂಗಿದ್ದೇನೆ.

ಉಪ್ಪನ್ನು ಅದರ ಜಾಗಕ್ಕೇ ಇಟ್ಟೆ. ಯಾವ ಪೆಟ್ಟಿಗೆಗೂ ಹಾಕಲಿಲ್ಲ. ಬರ್ಡಿ ನೋಡಿದಳು. ಆ ಗಂಜಿಯನ್ನೇ ಕುಡಿದಳು. ಆಮೇಲೆ ಅಂದಳು, "ಇಷ್ಟು ವರ್ಷ ಇದನ್ನೇ ತಿಂದಳಾ ನನ್ನ ತಂಗಿ... ಪಾಪ."


ಸೆಪ್ಟೆಂಬರ್ 5

ಹಿತ್ತಲು. ಇಲ್ಲಿರುವುದೆಲ್ಲ ನನ್ನದು. ತುಕ್ಕು ಹಿಡಿದ, ಮೀನು ಹಿಡಿಯುವ ತಂತಿಯ ಬೋನು, ತೇಲುಬುರುಡೆ, ಮುರಿದ ಹುಟ್ಟು, ಬಿಚ್ಚಿ ಮತ್ತೆ ಜೋಡಿಸದ ದೋಣಿಯ ಇಂಜಿನ್. ಒಂದು ವರ್ಷ ಮುಟ್ಟದಿದ್ದರೆ ಆಚೆ ಅಂತ ನಾವೆಲೆಟ್ ನಿಯಮ. ಅವಳಮ್ಮನ ಎರಡನೇ ಕಣ್ಣು ಹೋದ ಮೇಲೆ ನಾನು ಸಮುದ್ರಕ್ಕೆ ಹೋಗಿಲ್ಲ. ಹಾಗಾದರೆ ಎಲ್ಲ ಆಚೆ.

ಪಕ್ಕದ ಮನೆಯ ಝೆಫ್ ಬೇಲಿ ದಾಟಿ ಬಂದ. ಹಿರಿಯ ಅಂತ ನನ್ನನ್ನು ಮಾಸ್ ಅಂತಾನೆ.

"ಈ ಇಂಜಿನ್ ಕೊಡ್ತೀಯಾ, ಮಾಸ್ ಎಗ್ಬರ್ಟ್?"

"ತಗೊ."

"ರಿಪೇರಿ ಆಗುತ್ತಾ?"

"ಆಗೋ ಹಾಗಿದ್ರೆ ನಿನಗ್ಯಾಕೆ ಕೊಡ್ತಿದ್ದೆ, ಕತ್ತೆ?"

ನಕ್ಕು ಹೊತ್ತುಕೊಂಡು ಹೋದ. ಬೋನಿನ ತಂತಿಯೂ ಅವನಿಗೇ. ಹಿತ್ತಲು ಬೋಳು. ನನ್ನದನ್ನು ಎಸೆಯೋಕೆ ಒಂದು ಬೆಳಗ್ಗೆ ಸಾಕಾಯಿತು.

ಇಟ್ಟುಕೊಂಡದ್ದು — ಬಲೆ ಹೆಣೆಯುವ ದಾರದ ಉಂಡೆ. ಯಾಕೆ ಅಂತ ಬರೆಯಬೇಕಂತೆ. ಬರೆಯಲ್ಲ.


ಸೆಪ್ಟೆಂಬರ್ 8, ಭಾನುವಾರ

ಫೋನು ಬಂತು.

"ಅಪ್ಪಾ, ಅಡುಗೆಮನೆ ಆಯ್ತು, ಹಿತ್ತಲಾಯ್ತು. ಅಮ್ಮನ ಕೋಣೆ?"

"ಮಳೆ ಬರ್ತಿದೆ."

"ಕೋಣೆ ಒಳಗಾ?"

ಬರ್ಡಿ ಸೋಫಾದಿಂದ ಕೂಗಿದಳು, "ನಿಮ್ಮಪ್ಪ ಆ ಬಾಗಿಲನ್ನ ಹೆತ್ತ ಮಗು ಕಾದ ಹಾಗೆ ಕಾಯ್ತಾನೆ ಕಣೆ! ನನ್ನ ತಂಗೀನ ಒಳಗೆ ಕಟ್ಟಿ ಹಾಕಿದಾನೆ!"

ಫೋನು ಇಟ್ಟ ಮೇಲೆ ಜಗಳ. ಅದೇ ಹಳೇ ಜಗಳ.

ಸತ್ತ ಒಂಬತ್ತನೇ ರಾತ್ರಿ ಜಮೈಕಾದಲ್ಲಿ ಯಾರ ಮನೆಯಲ್ಲಾದರೂ ನಡೆಯುವುದೇ. ಅಂಗಳದಲ್ಲಿ ಹಾಡು, ಹುರಿದ ಮೀನು, ರಮ್, ಡಾಮಿನೋ ಆಟ. ನಡುವೆ ನಾಲ್ಕು ಜನ ಎದ್ದು ಒಳಗೆ ಹೋಗಿ ಸತ್ತವರ ಕೋಣೆ ತಿರುಗಿಸುತ್ತಾರೆ. ಮಂಚದ ತಲೆ ಇದ್ದ ಕಡೆ ಕಾಲು. ಹಾಸಿಗೆ ಮಗುಚಿ. ಬೀರು ಬೇರೆ ಗೋಡೆಗೆ. ಸತ್ತವರು ಬಂದು ನೋಡಿ, ಇದು ನನ್ನ ಕೋಣೆಯಲ್ಲ ಅಂತ ಹೊರಟು ಹೋಗಬೇಕು. ಹೋಗಿ ಮಲಗಬೇಕು. ನನ್ನ ಅಪ್ಪನಿಗೆ ಮಾಡಿದೆವು, ಅಮ್ಮನಿಗೆ ಮಾಡಿದೆವು. ಮಂಚದ ಒಂದು ಕಾಲು ನಾನೇ ಹಿಡಿದಿದ್ದೆ.

ಐಸಿಲ್ಡಾಳ ಸರದಿ ಬಂದಾಗ ಮಂಚದ ಮೇಲೆ ಕೂತೆ. ಏಳಲಿಲ್ಲ. ಝೆಫ್ ಬಂದು ಕರೆದ, ಪಾದ್ರಿ ಬಂದು ಕರೆದರು. ತೊಡೆಯ ಮೇಲೆ ಮಚ್ಚಿತ್ತು. ಎಳನೀರು ಕೊಚ್ಚುವ ಮಚ್ಚು, ಬೇರೇನಲ್ಲ. ಯಾರೂ ಹತ್ತಿರ ಬರಲಿಲ್ಲ.

"ಪ್ರೀತಿ ಇದ್ದಿದ್ರೆ ಬಿಟ್ಟು ಕಳಿಸ್ತಿದ್ದೆ," ಅಂದಳು ಬರ್ಡಿ ಇವತ್ತು. "ಹಾಡಹಗಲೇ ಕೇಳಿಸುತ್ತೆ ನಂಗೆ. ಗೋಡೆ ಮೇಲೆ ಕೈ ಸವರೋ ಸದ್ದು. ಆ ಜೀವಕ್ಕೆ ನಿದ್ದೆ ಇಲ್ಲ, ಎಗ್ಬರ್ಟ್."

"ಕಣ್ಣಿದ್ದೋರು ಕೋಣೆ ಬದಲಾಗಿದ್ದು ನೋಡಿ ಹೋಗ್ತಾರೆ. ಅವಳು ಹೇಗೆ ನೋಡ್ತಾಳೆ? ಎಡವಿ ಬೀಳ್ತಾಳೆ. ಬಿದ್ದು ತಿಳ್ಕೋಬೇಕಾ ಅವಳು?"

ಬರ್ಡಿ ಸೋಫಾದ ಬೆನ್ನಿಗೆ ಮುಖ ತಿರುಗಿಸಿ ಮಲಗಿದಳು.

ಆ ಸದ್ದು ನನಗೆ ಕೇಳಿಸುವುದಿಲ್ಲ. ವರಾಂಡದಲ್ಲಿ ಕಿವಿ ಇಟ್ಟೇ ಮಲಗುತ್ತೇನೆ. ಒಂದು ಸಲವೂ ಇಲ್ಲ. ಇದನ್ನು ಅವಳಿಗೆ ಹೇಳಲಿಲ್ಲ.


ಸೆಪ್ಟೆಂಬರ್ 21

ಬರೆಯಲಿಲ್ಲ. ಮನೆಯಿಂದ ಏನೂ ಆಚೆ ಹೋಗಲಿಲ್ಲ.

ನಿನ್ನೆ ಬರ್ಡಿ ಹೋದಳು. ಆಸ್ಪತ್ರೆಗೆ.

ಮುಸ್ಸಂಜೆ ಕರೆಂಟ್ ಹೋಯಿತು. ನೀರು ಕುಡಿಯೋಕೆ ಎದ್ದಳು. ನಡುಮನೆಯ ಮಧ್ಯೆ ಆ ಕುರ್ಚಿ. ಅಲ್ಲಿ ಕುರ್ಚಿ ಇಡುವ ಮನೆ ಇನ್ನೊಂದಿಲ್ಲ. ಐಸಿಲ್ಡಾಳ ಕೈಗೆ ಬೇಕು ಅಂತ ಇಟ್ಟದ್ದು. ಬರ್ಡಿ ಅದರ ಮೇಲೇ ಮುಗ್ಗರಿಸಿ ಬಿದ್ದಳು. ಮಣಿಕಟ್ಟು ಮುರಿದಿದೆ. ಸೊಂಟಕ್ಕೂ ಪೆಟ್ಟು.

ಓಡಿ ಹೋಗಿ ಎತ್ತಿದೆ. ಅಳಲಿಲ್ಲ, ಬೈಯಲಿಲ್ಲ. "ನಿನ್ನ ಕುರ್ಚಿ ಅಲ್ಲಾಡಿಲ್ಲ, ನೋಡ್ಕೊ," ಅಂದಳು. ಟ್ಯಾಕ್ಸಿ ಹತ್ತಿಸುವಾಗಲೂ ಅದೇ ಮಾತು. "ಅದರ ಜಾಗದಲ್ಲೇ ಇದೆ, ಎಗ್ಬರ್ಟ್."

ಬೈದಿದ್ದರೆ ಚೆನ್ನಾಗಿತ್ತು.


ಸೆಪ್ಟೆಂಬರ್ 22, ಭಾನುವಾರ

ಬ್ಲ್ಯಾಕ್ ರಿವರ್ ಪೇಟೆಗೆ ಹೋದೆ, ಆಸ್ಪತ್ರೆಗೆ. ಮೀನಿನ ಸೂಪ್ ಮಾಡಿಕೊಂಡು.

"ಇಲ್ಲಿಂದ ಬಿಟ್ಟ ಮೇಲೆ ವೃದ್ಧಾಶ್ರಮಕ್ಕೆ ಹೋಗ್ತೀನಿ," ಅಂದಳು. "ಪಾದ್ರಿ ಹತ್ರ ಮಾತಾಡಿದೀನಿ. ಅಲ್ಲಿ ಮಂಚ ಕೊಡ್ತಾರಂತೆ."

"ಅಲ್ಲಿ ಯಾರ ಹತ್ರ ಜಗಳ ಆಡ್ತೀಯ?"

"ಹುಡುಕ್ಕೋತೀನಿ."

"ಸೂಪ್ ಕುಡಿ."

"ಉಪ್ಪು ಹಾಕಿದೀಯೋ, ಸಕ್ಕರೆನೋ?"

ಕುಡಿಸಿದೆ. ಕೈಗೆ ಪಟ್ಟಿ ಹಾಕಿದ್ದಾರೆ. ಕುಡಿಸುವಾಗ ಗಮನಿಸಿದೆ. ಗದ್ದ ಎತ್ತುವ ರೀತಿ ತಂಗಿಯದೇ. ಇಷ್ಟು ದಿನ ನೋಡಿರಲಿಲ್ಲ.

ಹೊರಗೆ ಬಂದು ನಾವೆಲೆಟ್‌ಗೆ ಫೋನು ಮಾಡಿದೆ. ಅಕ್ಟೋಬರ್ ಆರಕ್ಕೆ, ಭಾನುವಾರ, ರಜೆ ಹಾಕಿ ದೊಡ್ಡಮ್ಮನನ್ನು ಕರೆತರುತ್ತಾಳೆ. ಕೋಣೆ ತಯಾರಿರುತ್ತೆ ಅಂದೆ. "ಕೇಳಿಸ್ತಾ?" ಅಂತ ಕೂಗಿದೆ. "ಕೇಳಿಸ್ತು ಅಪ್ಪ." ಅಳುತ್ತಿದ್ದಳು ಅನಿಸುತ್ತೆ. ಹೋಟೆಲಿನವರು ಬೈಯುವುದಿಲ್ಲವಾ, ಕೆಲಸದ ಹೊತ್ತಲ್ಲಿ...


ಸೆಪ್ಟೆಂಬರ್ 28, ಶನಿವಾರ

ಬಾಗಿಲು ತೆಗೆದೆ.

ಕರ್ಪೂರದೆಣ್ಣೆ ವಾಸನೆ ಇನ್ನೂ ಇದೆ. ಕಿಟಕಿ ತೆರೆಯೋಕೆ ಹೋದೆ. ಸ್ವಲ್ಪ ಹೊತ್ತು ಬಿಟ್ಟು ತೆರೆದೆ.

ಮಗಳು ಹೇಳಿದ್ದು — ಎಲ್ಲ ಬಟ್ಟೆ ಮಂಚದ ಮೇಲೆ ಒಂದೇ ಗುಡ್ಡೆ ಸುರಿ, ಎಷ್ಟಿದೆ ಅಂತ ಕಣ್ಣಿಗೆ ಕಾಣಬೇಕು. ಸುರಿದೆ. ಗುಡ್ಡೆ ಸಣ್ಣದು.

ಪ್ರತಿ ಬಟ್ಟೆಯ ಅಂಚಿನ ಒಳಗೆ ದಾರದ ಗಂಟು. ನಾನು ಹಾಕಿದ್ದು. ಬಿಳಿಗೆ ಒಂದು ಗಂಟು, ನೀಲಿಗೆ ಎರಡು. ಹಳದಿಗೆ ಬೋನಿನ ಬಾಯಿ ಕಟ್ಟುವ ದಪ್ಪ ಗಂಟು. ಹಳದಿ ಅವಳಿಗೆ ಇಷ್ಟ, ಬೇಗ ಸಿಗಲಿ ಅಂತ. ಕಣ್ಣು ಹೋದ ಮೇಲೂ ಚರ್ಚಿಗೆ ಹೋಗುವಾಗ ಹ್ಯಾಟಿನ ಬಣ್ಣಕ್ಕೆ ಬಟ್ಟೆಯ ಬಣ್ಣ ಹೊಂದಬೇಕು. ಯಾರಿಗೆ ಅಂತ ಕೇಳಿದೆ ಒಂದು ಸಲ. "ನಂಗೆ ಕಾಣಲ್ಲ ಅಷ್ಟೆ. ಜನಕ್ಕೆ ನಾನು ಕಾಣ್ತೀನಲ್ಲ."

ಚರ್ಚಿನ ಹೆಂಗಸರು ಮಧ್ಯಾಹ್ನ ಬರುವವರಿದ್ದರು. ಗಂಟು ಸಮೇತ ಕೊಟ್ಟರೆ, ಇದೇನು ಕಸ ಅಂತ ಯಾರೋ ಕತ್ತರಿ ಹಾಕುತ್ತಾರೆ. ಬೇಡ. ಕಿಟಕಿಯ ಹತ್ತಿರ ಕೂತು ಒಂದೊಂದೇ ಬಿಚ್ಚಿದೆ. ಎಷ್ಟೋ ಬೋನು, ಎಷ್ಟೋ ಬಲೆ ಬಿಚ್ಚಿದ ಬೆರಳು. ಇವು ಬೇಗ ಬರಲಿಲ್ಲ.

ಹಳದಿಯದು ಬರಲೇ ಇಲ್ಲ. ಒಗೆದು ಒಗೆದು ಕಲ್ಲಾಗಿದೆ. ಪಕ್ಕದಲ್ಲೇ ಚಾಕು ಇತ್ತು. ಹಚ್ಚಲಿಲ್ಲ.

"ಗೊತ್ತಿಲ್ಲ" ಪೆಟ್ಟಿಗೆಗೆ ಹಾಕಿದೆ. ಅದೊಂದೇ. ಟೇಪ್ ಹಚ್ಚಿ ತಾರೀಖು ಬರೆದೆ. ಅಕ್ಟೋಬರ್ 5. ಬರ್ಡಿ ಬರುವುದರ ಹಿಂದಿನ ದಿನ.

ಹೆಂಗಸರು ಬಂದರು. ಹ್ಯಾಟು, ಬಟ್ಟೆ, ಚಪ್ಪಲಿ ಎಲ್ಲ ಹೋಯಿತು. ಅವರಲ್ಲೊಬ್ಬಳು, "ಈಗ ಹಗುರ ಅನಿಸ್ತಿದೆಯಾ, ಮಾಸ್ ಎಗ್ಬರ್ಟ್?" ಅಂದಳು.

"ಹೊತ್ಕೊಂಡಿರೋದು ನೀನು. ಭಾರ ಎಷ್ಟಿದೆ ನೀನೇ ಹೇಳು."


ಅಕ್ಟೋಬರ್ 3, ಗುರುವಾರ. ಸಂಜೆ ನಾಲ್ಕು

ಕುರ್ಚಿ ಗೋಡೆಗೆ ಸರಿಸಿದೆ. ಮೇಜೂ. ನಡುಮನೆ ದೊಡ್ಡದಾಯಿತು. ನಡೆಯುವಾಗ ಕೈ ಸುಮ್ಮನೆ ಚಾಚುತ್ತದೆ, ಏನೂ ಸಿಗುವುದಿಲ್ಲ.

ಬೀರು ಬೇರೆ ಗೋಡೆಗೆ ಹೋಯಿತು, ಝೆಫ್ ಕೈ ಕೊಟ್ಟ. ಮಂಚವನ್ನೂ ಈಗಲೇ ತಿರುಗಿಸೋಣ ಅಂದ. ಶನಿವಾರ ಸಂಜೆ ಬಾ ಅಂದೆ. "ಒಂದು ನಿಮಿಷದ ಕೆಲಸ," ಅಂದ. "ಶನಿವಾರ ಅಂದ್ರೆ ಶನಿವಾರ. ಕಿವಿ ಕೆಟ್ಟಿದೆಯಾ?" ಹೋದ.

ಐಸಿಲ್ಡಾ, ನೀನು ಇದನ್ನು ಓದಲಾರೆ. ಗೊತ್ತು. ಅದಕ್ಕೆ ಬರೆದ ಹಾಗೇ ಜೋರಾಗಿ ಓದುತ್ತಿದ್ದೇನೆ. ಝೆಫ್‌ನ ನಾಯಿ ಬೊಗಳುತ್ತಿದೆ. ಬೊಗಳಲಿ.

ತಿರುಗಿಸುವುದನ್ನು ಸತ್ತವರಿಗೆ ಹೇಳಬಾರದು. ಹೇಳಿದರೆ ತಿರುಗಿಸಿ ಏನು ಬಂತು? ಬರ್ಡಿಗೆ ಗೊತ್ತಾದರೆ ಮುರಿದ ಕೈಯಲ್ಲೇ ಹೊಡೆಯುತ್ತಾಳೆ. ಆದರೂ ಹೇಳುತ್ತೇನೆ. ಅಲ್ಲಾಡಿಸಬೇಡ ಅಂತ ನೀನು ಅಂದಿದ್ದೆ. ಅಲ್ಲಾಡಿಸುತ್ತಿದ್ದೇನೆ.

ನಡುಮನೆಯಲ್ಲಿ ಕುರ್ಚಿ ಹುಡುಕಬೇಡ, ಗೋಡೆ ಹಿಡಿದೇ ಬಾ. ಕೋಣೆಯ ಬಾಗಿಲು ದಾಟಿದ ಕೂಡಲೆ ಬಲಗೈಗೆ ಬೀರು ಸಿಗುವುದಿಲ್ಲ. ಬರೀ ಗೋಡೆ. ಅದನ್ನೇ ಹಿಡಿದು ಹೋದರೆ ಕಿಟಕಿ. ಶನಿವಾರದಿಂದ ಕಿಟಕಿಯ ಕೆಳಗೆ ಮಂಚದ ತಲೆ ಇರುತ್ತದೆ, ಕಾಲು ಬಾಗಿಲಿನ ಕಡೆ. ಕಣ್ಣು ಮುಚ್ಚಿ ನಾನೇ ನಡೆದು ನೋಡಿದೆ. ಸ್ಟೂಲಿಗೆ ಮೊಣಕಾಲು ಬಡಿಯಿತು. ಅದನ್ನು ಆಚೆ ಇಟ್ಟಿದ್ದೇನೆ. ಎಡವುವುದಕ್ಕೆ ಈಗ ಏನೂ ಇಲ್ಲ.

ಮಂಚದಲ್ಲಿ ಮಲಗುವುದು ನಿನ್ನ ಅಕ್ಕ. ಗೊರಕೆ ಹೊಡೆಯುತ್ತಾಳೆ. ನಿನಗೆ ಗೊತ್ತೇ ಇದೆ.

ಹೋಗುವುದಾದರೆ ಹೋಗು. ಮಚ್ಚು ಹಿತ್ತಲಲ್ಲಿದೆ, ನಾನು ಅಡ್ಡ ಕೂರುವುದಿಲ್ಲ. ಇರುವುದಾದರೆ ಅಡುಗೆಮನೆ ಹಾಗೇ ಇದೆ, ಸಕ್ಕರೆ ಎಡಕ್ಕೆ. ಆದರೆ ಬರ್ಡಿಗೆ ಕೇಳಿಸಿದ ಸದ್ದು ನನಗೂ ಒಂದು ಸಲ ಕೇಳಿಸಬೇಕು. ಅವಳಿಗೆ ಕೇಳಿಸಿ ನನಗೆ ಕೇಳಿಸದೆ ಇರುವುದು ಯಾವ ನ್ಯಾಯ? ವರಾಂಡದಲ್ಲೇ ಇರುತ್ತೇನೆ. ಕೆಮ್ಮುವುದೂ ಇಲ್ಲ. ಹಳದಿ ಬಟ್ಟೆ ಪೆಟ್ಟಿಗೆಯಲ್ಲಿದೆ. ಇಡಲಾ, ಕೊಡಲಾ, ಅದನ್ನೂ ಹೇಳು.

ಝೆಫ್ ಬರುವ ಮೊದಲು. ಐದನೇ ತಾರೀಖು, ಶನಿವಾರ, ಸಂಜೆಯೊಳಗೆ ಉತ್ತರ ಬೇಕು.