ನಿರುಪಯುಕ್ತ ಅಂತ ನಾನು ಬರೆಯಲಿಲ್ಲ

ಡಿಸೆಂಬರ್ ೨೮, ಭಾನುವಾರ ಬೆಳಿಗ್ಗೆ

ನನ್ನ ಮುದ್ದು ಮಗಳಿಗೆ,

ನಾನು ಗಟ್ಟಿಯಾಗಿದ್ದೇನೆ. ಮೊಣಕಾಲು ಮಾತ್ರ ಮೆಟ್ಟಿಲು ಕಂಡರೆ ಮುನಿಸಿಕೊಳ್ಳುತ್ತದೆ. ನೀನು, ಅಳಿಯಂದಿರು, ನನ್ನ ಪುಟಾಣಿ ಮೊಮ್ಮಗಳು, ಮೂವರೂ ಚೆನ್ನಾಗಿದ್ದೀರಿ ಅಂತ ನಂಬಿದ್ದೇನೆ.

ಎರಡು ತಿಂಗಳಿಂದ ನಿನ್ನ ಫೋನು ಬಂದಾಗಲೆಲ್ಲ "ಒಲೆ ಮೇಲೆ ಹಾಲಿಟ್ಟಿದೀನಿ" ಅಂತ ಹೇಳಿ ಇಟ್ಟುಬಿಡುತ್ತಿದ್ದೆ. ಅಷ್ಟು ಹಾಲು ಯಾವ ಮನೆಯಲ್ಲೂ ಕಾಯುವುದಿಲ್ಲ ಅಂತ ನಿನಗೂ ಗೊತ್ತು. ಕೋಪ ಬಂದಿತ್ತು ಮಗಳೇ. ಫೋನಿನಲ್ಲಿ ಮಾತಾಡಿದರೆ ನೀನೊಂದು ಅನ್ನುತ್ತೀಯ, ನಾನೆರಡು ಅನ್ನುತ್ತೇನೆ. ಕಾಗದವಾದರೆ ನಡುವೆ ಬಾಯಿ ಹಾಕುವವರಿಲ್ಲ, ಪೂರ್ತಿ ಹೇಳಬಹುದು. ತಡವಾಗಿದ್ದಕ್ಕೆ ಬೇಜಾರು ಮಾಡಿಕೊಳ್ಳಬೇಡ.

ಅವತ್ತು ಫೋನಿನಲ್ಲಿ ನಾನು ಕೇಳಿದ್ದಿಷ್ಟೆ: ಟಿವಿ ಕೇಂದ್ರ ಹೊಸ ಕಟ್ಟಡಕ್ಕೆ ಹೋಗ್ತಿದೆ, ಹಳೇ ಜಾಹೀರಾತಿನ ಟೇಪೆಲ್ಲ ಎಸೀತಾರಂತೆ, ಏನು ಮಾಡ್ಲಿ ಅಂತ. ನೀನು ಕ್ಲಿನಿಕ್ಕಿನಲ್ಲಿ ಹಲ್ಲುನೋವಿನ ರೋಗಿಯ ಬಾಯಿಗೆ ಹತ್ತಿ ಇಟ್ಟು ಬಂದವಳ ಹಾಗೆ ಅವಸರದಲ್ಲಿ ಹೇಳಿದೆ: "ಎಸೀಲಿ ಬಿಡಮ್ಮ. ಅಪ್ಪ ಮನೆಗೆ ಬರೋದನ್ನ ತೋರಿಸಿ ಕಂಬಳಿ ಮಾರಿದ್ರು. ನಮ್ಮನೆಗೆ ಯಾರು ಬಂದ್ರು? ಅಪ್ಪ ಇರ್ಲಿಲ್ಲ, ರಜೆಯಲ್ಲಿ ನೀನೂ ಇರ್ತಿರ್ಲಿಲ್ಲ. ಅವು ಬಂದಾಗಲೆಲ್ಲ ನಾನು ಟಿವಿ ಕಡೆ ಬೆನ್ನು ಹಾಕಿ ಕೂರ್ತಿದ್ದೆ, ಗೊತ್ತಾ?"

ಗೊತ್ತಿರಲಿಲ್ಲ. ಅದಕ್ಕೆ ಆಮೇಲೆ ಬರುತ್ತೇನೆ. ಮೊದಲು ಆಗಿದ್ದನ್ನು ಹೇಳುತ್ತೇನೆ. ನಿನಗೆ ಗೊತ್ತಿರುವುದನ್ನೂ ಬರೆಯುತ್ತೇನೆ, ಪುಟಾಣಿ ದೊಡ್ಡವಳಾದ ಮೇಲೆ ಓದಿದರೆ ಅವಳಿಗೂ ತಿಳಿಯಲಿ.

ಆಗೆಲ್ಲ ಒಂದೊಂದು ಜಾಹೀರಾತೂ ಒಂದೊಂದು ಟೇಪಿನಲ್ಲಿ ಬರುತ್ತಿತ್ತು. ಕಾರ್ಯಕ್ರಮದ ನಡುವೆ ಬ್ರೇಕ್ ಬಂದಾಗ ಪಟ್ಟಿ ನೋಡಿಕೊಂಡು, ಕ್ರಮ ತಪ್ಪದ ಹಾಗೆ, ಸೆಕೆಂಡಿಗೆ ಸರಿಯಾಗಿ ಅವನ್ನು ಹಾಕುವುದು ನನ್ನ ಕೆಲಸ. ವರ್ಷದ ಕೊನೆಯ ರಜೆ ಬಂತೆಂದರೆ ಕಂಪನಿಗಳು ಪೈಪೋಟಿಗೆ ಬಿದ್ದು ಆ ಎರಡು ವಾರಕ್ಕೇ ಬೇರೆ ಜಾಹೀರಾತು ಮಾಡಿಸುತ್ತಿದ್ದವು. ಉದ್ದನೆಯವು, ಕಥೆ ಇರುವಂಥವು. ಊರಿನ ಜನ ಅದಕ್ಕೇ ಕಾಯುತ್ತಿದ್ದರು. ತರಕಾರಿ ಅಂಗಡಿಯಲ್ಲಿ ನನ್ನನ್ನು ನಿಲ್ಲಿಸಿಕೊಂಡು "ಈ ಸಲ ಕಂಬಳಿದು ಯಾವತ್ತಿಂದ?" ಅಂತ ಕೇಳುತ್ತಿದ್ದರು. ಅದರಲ್ಲಿ ಕೊನೇ ಬಸ್ಸಿಗೆ ಬಂದ ಅಪ್ಪ, ಕಾದು ಕಾದು ಸೋಫಾ ಮೇಲೆ ನಿದ್ದೆ ಹೋದ ಮನೆಯವರಿಗೆಲ್ಲ ಕಂಬಳಿ ಹೊದಿಸುತ್ತಾನೆ. ತನಗೇ ಜಾಗ ಇರುವುದಿಲ್ಲ. ಆಗ ನಾಯಿ ಎದ್ದು ಸ್ವಲ್ಪ ಸರಿದು ಕೂರುತ್ತದೆ. ಅಷ್ಟೆ ಕಥೆ. ಆ ನಾಯಿ ಸರಿಯುವಾಗ ಪ್ರತಿಸಲವೂ ನಾನು ಪಟ್ಟಿ ಬಿಟ್ಟು ಪರದೆ ನೋಡುತ್ತಿದ್ದೆ, ನೂರಾರು ಸಲ ಹಾಕಿದ ಮೇಲೂ.

ನವೆಂಬರಿನಲ್ಲಿ ಹೊಸ ಮ್ಯಾನೇಜರು ನನ್ನನ್ನು ಕರೆದು ಒಂದು ಫಾರಂ ಮುಂದಿಟ್ಟರು. ಕೆಟ್ಟವರಲ್ಲ, ಕುರ್ಚಿ ಎಳೆದು ಕೊಟ್ಟು ಮಾತಾಡಿಸುವ ಪೈಕಿ. ಫಾರಮಿನ ಕೊನೆಯಲ್ಲಿ ಹೀಗಿತ್ತು: "ಮೇಲ್ಕಂಡ ಪ್ರತಿಯೊಂದು ವಸ್ತುವನ್ನೂ ನಾನು ಖುದ್ದಾಗಿ ಪರಿಶೀಲಿಸಿದ್ದು, ಅವು ನಿರುಪಯುಕ್ತವೆಂದು ದೃಢೀಕರಿಸುತ್ತೇನೆ." ಕೆಳಗೆ ನನ್ನ ಹೆಸರು ಅಚ್ಚಾಗಿತ್ತು, ಸಹಿಯೊಂದು ಬಾಕಿ.

"ಇದಕ್ಕೆ ಸಹಿ ಹಾಕಲ್ಲ ಸಾರ್," ಅಂದೆ.

"ಯಾಕೆ ಮೇಡಂ? ಸುದ್ದಿ, ನಾಟಕ, ಸಂಗೀತ ಎಲ್ಲ ಕಂಪ್ಯೂಟರಿಗೆ ಕಾಪಿ ಆಗಿದೆ. ಇವು ಬರೀ ಜಾಹೀರಾತು."

"ಪರಿಶೀಲಿಸಿದೀನಿ ಅಂತ ಬರೆದಿದೆ. ನಿಜ, ಮೂವತ್ತೊಂದು ವರ್ಷ ಪರಿಶೀಲಿಸಿದೀನಿ. ನಿರುಪಯುಕ್ತ ಅನ್ನೋದು ಸುಳ್ಳು."

"ಡಿಸೆಂಬರ್ ಮೂವತ್ತೊಂದಕ್ಕೆ ನೀವು ರಿಟೈರ್ ಆಗ್ತೀರಿ. ಸುಮ್ಮನೆ ಯಾಕೆ ಮನಸ್ತಾಪ?" ಅಂದರು. ಮೆತ್ತಗೇ ಅಂದರು, ಆದರೆ ಅದರ ಒಳಗಿನ ಮೊನಚು ನನಗೆ ತಾಗಿತು.

ಅಲ್ಲಿಂದ ಎದ್ದು ನೆಲಮಾಳಿಗೆಗೆ ಇಳಿದೆ. ಟೇಪಿನ ಕೋಣೆಗೆ ಬೀಗ ಹಾಕಿ ಕೀಲಿಯನ್ನು ನನ್ನ ಕನ್ನಡಕದ ಡಬ್ಬಿಯೊಳಗೆ ಇಟ್ಟುಕೊಂಡೆ. ಜೀವಮಾನದಲ್ಲಿ ಆಫೀಸಿನ ಒಂದು ಪೆನ್ಸಿಲನ್ನೂ ಮನೆಗೆ ತಂದವಳಲ್ಲ ನಾನು. ಅವತ್ತು ಕೀಲಿ ತಂದೆ.

ಆಮೇಲೆ ಸ್ಕ್ರೂ ಮಾಮನ ಮನೆಗೆ ಹೋದೆ. ನೆನಪಿದ್ದಾರಲ್ಲ, ನಮ್ಮ ಕೇಂದ್ರದ ಮೆಕ್ಯಾನಿಕ್ಕು, ಮದುವೆ ಮನೆಗೂ ಜೇಬಿನಲ್ಲಿ ಸ್ಕ್ರೂಡ್ರೈವರ್ ಸಿಕ್ಕಿಸಿಕೊಂಡು ಬರುತ್ತಿದ್ದವರು. ರಿಟೈರಾಗಿ ಆರು ವರ್ಷವಾಯಿತು, ಕಿವಿ ಮಂದ. ವಿಷಯ ಹೇಳಿದೆ. "ಹಳೇ ಮಿಶಿನ್ನು ಇದೆಯಾ?" ಅಂತ ಒಂದೇ ಪ್ರಶ್ನೆ ಕೇಳಿದರು. ಇದೆ, ಆದರೆ ಓಡಲ್ಲ ಅಂದೆ. "ಓಡ್ದೆ ಏನ್ಮಾಡುತ್ತೆ," ಅಂತ ಎದ್ದು ಚಪ್ಪಲಿ ಹಾಕಿಕೊಂಡೇ ಬಿಟ್ಟರು.

ಮಾಮ ಮಿಶಿನ್ನು ಓಡುವ ಹಾಗೆ ಮಾಡಿದರು, ಟೇಪುಗಳನ್ನು ಕಂಪ್ಯೂಟರಿಗೆ ಕಾಪಿ ಮಾಡಲು ದಿನಾ ಬೆಳಿಗ್ಗೆ ಆರಕ್ಕೆ ಹೋಗುತ್ತಿದ್ದೆವು. ಕಾವಲುಗಾರ ನಮ್ಮಿಬ್ಬರನ್ನೂ ಬಲ್ಲವನು, ಒಳಗೆ ಬಿಡುತ್ತಿದ್ದ. ಟೇಪುಗಳು ಕಂದು ಪುಡಿ ಉದುರಿಸುತ್ತಿದ್ದವು. ಎರಡು ನಿಮಿಷ ಓಡಿದರೆ ಮಿಶಿನ್ನಿನ ಬಾಯಿ ಕಟ್ಟಿಹೋಗುತ್ತಿತ್ತು. ಮಾಮ ಸ್ಪಿರಿಟ್ಟಿನಲ್ಲಿ ಹತ್ತಿ ಅದ್ದಿ ಒರೆಸುವುದು, ನಾನು ಮತ್ತೆ ಹಾಕುವುದು. ಕಿವಿ ಕೇಳಿಸದ್ದರಿಂದ ಅವರು ಅಂಗೈಯನ್ನು ಮಿಶಿನ್ನಿನ ಮೇಲಿಟ್ಟು, ಓಟ ಸರಿ ಇದೆಯೋ ಇಲ್ಲವೋ ಅಂತ ಹೇಳುತ್ತಿದ್ದರು. ಒಂಬತ್ತು ಗಂಟೆಗೆ ನಾನು ಮೇಲೆ ಹೋಗಿ ಏನೂ ಗೊತ್ತಿಲ್ಲದವಳ ಹಾಗೆ ಡ್ಯೂಟಿ ಮಾಡುತ್ತಿದ್ದೆ.

ಹತ್ತನೇ ದಿನ ಮ್ಯಾನೇಜರು ಕೆಳಗೆ ಇಳಿದು ಬಂದರು. "ಕೀ ಕೊಡಿ ಮೇಡಂ," ಅಂದರು.

ಕೊಟ್ಟೆ. "ಫಾರಮಿಗೆ ನೀವೇ ಸಹಿ ಹಾಕಿ ಸಾರ್. ಆದರೆ ಖುದ್ದಾಗಿ ಪರಿಶೀಲಿಸಿದೀನಿ ಅಂತ ಅದರಲ್ಲಿದೆ. ಕೂತ್ಕೊಳ್ಳಿ, ಒಂದೊಂದೇ ಹಾಕ್ತೀನಿ. ದಿನಕ್ಕೆ ಎಂಟು ಗಂಟೆ ಕೂತರೆ ಮೂರು ವಾರದಲ್ಲಿ ಮುಗಿಯುತ್ತೆ."

ಪೆನ್ನು ತೆಗೆದರು. ಮತ್ತೆ ಜೇಬಿಗೆ ಸಿಕ್ಕಿಸಿದರು. ಆಮೇಲೆ ಸ್ಟೂಲಿನ ಮೇಲೆ ಕೂತರು. ಮಾಮ ಅವರನ್ನು ಲೆಕ್ಕಕ್ಕೇ ಇಟ್ಟುಕೊಳ್ಳದೆ ಒರೆಸುತ್ತಲೇ ಇದ್ದರು. ಷೂ ಪಾಲಿಷಿನದು ಹಾಕಿದೆ, ಸಾಬೂನಿನದು ಹಾಕಿದೆ, ಟಾರ್ಚಿನದು, ಕಂಬಳಿಯದು. ಅವರು ಕರಗಿ ಕಣ್ಣೀರು ಹಾಕಿದರು ಅಂತ ತಿಳಿಯಬೇಡ. ಒಂದೂವರೆ ಗಂಟೆ ಕೂತು, "ಅಂಥಾ ಚೆನ್ನಾಗೇನೂ ಇಲ್ವಲ್ಲ ಮೇಡಂ," ಅಂದರು.

"ಚೆನ್ನಾಗಿದೆ ಅಂತ ನಾನೆಲ್ಲಿ ಹೇಳಿದೆ?" ಅಂದೆ.

ಅವರಿಗೆ ನಗು ಬಂತು. ಫಾರಂ ಮಡಿಸಿ ಜೇಬಿಗೆ ಹಾಕಿಕೊಂಡರು. "ನೋಡದೇ ಇರೋದಕ್ಕೆ ನಾನೂ ಸಹಿ ಹಾಕಲ್ಲ. ಡಿಸೆಂಬರ್ ಕೊನೆವರೆಗೂ ಕೆಳಗೆ ಬರೋಕೆ ನಂಗೆ ಪುರುಸೊತ್ತಿಲ್ಲ," ಅಂದು, ಕೀಲಿಯನ್ನು ಮಿಶಿನ್ನಿನ ಮೇಲೆ ಬಿಟ್ಟು ಹೋದರು.

ಇಲ್ಲಿಗೆ ನಿಲ್ಲಿಸಿ ಬಟ್ಟೆ ಒಣಹಾಕಿ ಬಂದೆ. ಈಗ ಮಧ್ಯಾಹ್ನ.

ಕೆಲವು ಟೇಪು ಬೂಷ್ಟು ಹಿಡಿದು ಅಂಟಿಹೋಗಿದ್ದವು, ಅವು ಹೋದವು. ಉಳಿದದ್ದೆಲ್ಲ ಈಗ ಅಂಗೈಯಗಲದ ಒಂದು ಡಬ್ಬಿಯಲ್ಲಿದೆ, ಹಾರ್ಡ್ ಡಿಸ್ಕ್ ಅಂತಾರಲ್ಲ, ಅದು. ಇನ್ನೊಂದು ಪ್ರತಿ ಕೇಂದ್ರದಲ್ಲಿ. ಮೊನ್ನೆ ಶುಕ್ರವಾರ ಕ್ಯಾಂಟೀನಿನಲ್ಲಿ ಊಟದ ಹೊತ್ತಿಗೆ ಒಂದು ಬೆಡ್‌ಶೀಟ್ ಕಟ್ಟಿ ರಜೆಯ ಜಾಹೀರಾತುಗಳನ್ನು ಹಾಕಿದೆವು. ಹಳಬರಿಗೆಲ್ಲ ನಾನೇ ಫೋನ್ ಮಾಡಿ ಕರೆದಿದ್ದೆ. ಲಿಫ್ಟಿನವರ ಹೆಂಡತಿಯೂ ಬಂದಿದ್ದರು. ನಮ್ಮ ಕಟ್ಟಡದ ಲಿಫ್ಟು ನಡೆಸುತ್ತಿದ್ದು ಆಮೇಲೆ ತೀರಿಕೊಂಡರಲ್ಲ, ಅವರ ಮನೆಯವರು. ಆ ಚಾಕಲೇಟ್ ಜಾಹೀರಾತನ್ನು ನಮ್ಮ ಲಿಫ್ಟಿನಲ್ಲೇ ತೆಗೆದದ್ದು. ನಟ ಕೈಕೊಟ್ಟ ಅಂತ ಲಿಫ್ಟಿನವರನ್ನೇ ನಿಲ್ಲಿಸಿದರು. ಒಂದೊಂದು ಮಹಡಿಯಲ್ಲಿ ಹತ್ತುವವರಿಗೆಲ್ಲ ಚಾಕಲೇಟ್ ಕೊಡುತ್ತಾ ಹೋಗುತ್ತಾರೆ. ಕೊನೆಗೆ ಖಾಲಿ ಲಿಫ್ಟಿನಲ್ಲಿ ತಾವೊಂದು ಬಾಯಿಗೆ ಹಾಕಿಕೊಂಡು, ಕನ್ನಡಿ ನೋಡಿ ಟೋಪಿ ಸರಿಮಾಡಿಕೊಳ್ಳುತ್ತಾರೆ.

ಆ ಹೆಂಗಸಿನ ಹತ್ತಿರ ಗಂಡನ ಫೋಟೋಗಳಿವೆ. ಅವರು ನಡೆದಾಡುವುದನ್ನು, ಕೈ ಎತ್ತುವುದನ್ನು ನೋಡಿ ಹದಿನಾಲ್ಕು ವರ್ಷವಾಗಿತ್ತು. ಮುಗಿದ ಮೇಲೆ ನನ್ನ ಹತ್ತಿರ ಬಂದು, "ಆ ಟೋಪಿ ಮುಟ್ಟಿಕೊಳ್ಳೋದು ಅವರು ಹಾಗೇನೇ, ಯಾರೂ ಹೇಳಿಕೊಟ್ಟಿದ್ದಲ್ಲ. ಇನ್ನೊಂದು ಸಲ ಹಾಕ್ತೀಯೇನಮ್ಮ?" ಅಂದರು. ಮೂರು ಸಲ ಹಾಕಿದೆ. ಊಟ ಮಾಡುತ್ತಿದ್ದವರು ಯಾರೂ ಬೇಡ ಅನ್ನಲಿಲ್ಲ.

ಈಗ ನಿನ್ನ ಮಾತಿಗೆ ಬರುತ್ತೇನೆ.

ಅವು ಸಾಬೂನು ಮಾರುವುದಕ್ಕೆ ಮಾಡಿದವು, ಒಪ್ಪಿದೆ. ಆ ಸೋಫಾ ಯಾರ ಮನೆಯದೂ ಅಲ್ಲ, ಆ ಅಪ್ಪ ಯಾರ ಅಪ್ಪನೂ ಅಲ್ಲ. ಅಷ್ಟು ತಿಳಿಯದವಳೇನಲ್ಲ ನಾನು. ಆದರೆ ಆ ಚಾಕಲೇಟ್ ಕೊಡುವ ಕೈ ಸುಳ್ಳಲ್ಲ. ಊರಿಗೆ ಊರೇ ಒಂದೇ ಹೊತ್ತಿಗೆ ಕೂತು ಆ ನಾಯಿ ಸರಿಯಲಿ ಅಂತ ಕಾದದ್ದು ಸುಳ್ಳಲ್ಲ. ಅದನ್ನು ಇಷ್ಟಪಟ್ಟೆ ಅಂತ ಹೇಳಿಕೊಳ್ಳುವುದಕ್ಕೆ ನನಗೆ ನಾಚಿಕೆ ಇಲ್ಲ. ಚಾಕಲೇಟ್ ತಿಂದು ಹಲ್ಲು ಹಾಳು ಅನ್ನುತ್ತೀಯ, ಸರಿ, ಅದರಿಂದಲೇ ನಿನ್ನ ಕ್ಲಿನಿಕ್ಕು ನಡೆಯುತ್ತಿದೆ ಅಂತ ನಾನೂ ಅನ್ನಬಹುದು.

ಇನ್ನೊಂದು ಮಾತು. ನಿನ್ನ ಅಪ್ಪ ತೀರಿಕೊಂಡಾಗ ನಿನಗೆ ನಾಲ್ಕು ವರ್ಷ. ಆಮೇಲೆ ರಜೆಯ ಡ್ಯೂಟಿಗಳನ್ನು ನಾನು ಹೊಟ್ಟೆಪಾಡಿಗೆ, ವಿಧಿಯಿಲ್ಲದೆ ಮಾಡಿದೆ ಅಂತ ನೀನು ಎಲ್ಲರ ಹತ್ತಿರ ಹೇಳುತ್ತೀಯ. ನನ್ನ ಮರ್ಯಾದೆ ಉಳಿಸುವುದಕ್ಕೇ ಹೇಳುತ್ತೀಯ. ಹಾಗಲ್ಲ ಮಗಳೇ. ಆ ಡ್ಯೂಟಿ ಬೇರೆಯವರಿಗೆ ಹಾಕಿ ಅಂದಿದ್ದರೆ ಹಾಕುತ್ತಿದ್ದರು. ನಾನು ಕೇಳಿ ಹಾಕಿಸಿಕೊಳ್ಳುತ್ತಿದ್ದೆ. ಮನೆಯಲ್ಲಿ ನಾನು ಗಂಡ ಸತ್ತವಳು, ಬಂದವರೆಲ್ಲ ದನಿ ತಗ್ಗಿಸಿ ಮಾತಾಡಿಸುವವಳು. ಆ ಕೋಣೆಯಲ್ಲಿ ನನ್ನ ಬೆರಳು ಒತ್ತಿದರೆ ಸಾವಿರಾರು ಮನೆಗಳಲ್ಲಿ ಜನ ಮಾತು ನಿಲ್ಲಿಸಿ ತಿರುಗಿ ನೋಡುತ್ತಿದ್ದರು. ಕೆಲಸ ಇಷ್ಟವಾಗಿತ್ತು, ನಾನು ಅದರಲ್ಲಿ ಗಟ್ಟಿಗಿತ್ತಿಯಾಗಿದ್ದೆ. ಗಂಡಸು ಹೀಗೆ ಹೇಳಿದರೆ ಯಾರೂ ಹುಬ್ಬೇರಿಸುವುದಿಲ್ಲ. ನೀನು ಬೆನ್ನು ಹಾಕಿ ಕೂತಿದ್ದು ಕೇಳಿ ನೋವಾಯಿತು, ಎರಡು ತಿಂಗಳು ಆ ಬೆನ್ನೇ ಕಣ್ಣ ಮುಂದೆ ಬಂತು. ಆದರೂ ಆ ಕೆಲಸಕ್ಕಾಗಿ ಕ್ಷಮೆ ಕೇಳು ಅಂದರೆ ಕೇಳುವುದಿಲ್ಲ.

ಬುಧವಾರ ನನ್ನ ಕೊನೆಯ ದಿನ. ಭಾಷಣ ಬೇಡ ಅಂದಿದ್ದೇನೆ. ಮುಂದಿನ ವಾರದ ಬಸ್ಸಿಗೆ ಬರುತ್ತೇನೆ, ಡಬ್ಬಿ ತರುತ್ತೇನೆ, ಪುಟಾಣಿಗೆ ತೋರಿಸುತ್ತೇನೆ. ನೀನು ಬೇಡ ಅಂದರೂ ತೋರಿಸುತ್ತೇನೆ. ಬೇಕಾದರೆ ನೀನು ಅಡುಗೆಮನೆಯಲ್ಲಿರು.

ನಿನ್ನ ಕೈ ನಡುಗದಿರಲಿ, ನಿನ್ನ ಮನೆ ತುಂಬಿರಲಿ, ಪುಟಾಣಿ ನಿನ್ನ ಹಾಗೇ ಎದುರು ಮಾತಾಡುವವಳಾಗಲಿ. ಅಳಿಯಂದಿರಿಗೆ ನನ್ನ ನಮಸ್ಕಾರ.

ಇಂತಿ,
ನಿನ್ನ ಹಟಮಾರಿ ಅಮ್ಮ

ಮರೆತ ಮಾತು: ಮರೆತದ್ದಲ್ಲ, ಬರೆಯಲು ಕೈ ಬರಲಿಲ್ಲ. ನಿನಗೆ ಏಳು ವರ್ಷ. ರಜೆಯ ಒಂದು ಸಂಜೆ ಅಜ್ಜಿ ಬಚ್ಚಲಲ್ಲಿ ಜಾರಿ ಬಿದ್ದರು. ನೀನೊಬ್ಬಳೇ ಇದ್ದೆ. ಗೋಡೆ ಮೇಲೆ ಬರೆದಿಟ್ಟಿದ್ದ ನಂಬರಿಗೆ ಫೋನ್ ಮಾಡಿದೆ. ಟೆಲಿಫೋನಿನ ಹುಡುಗಿ ಬಾಗಿಲಲ್ಲಿ ತಲೆ ಹಾಕಿ, "ನಿಮ್ಮ ಮಗಳು, ಅಳ್ತಾ ಇದಾಳೆ," ಅಂದಳು. ಬ್ರೇಕಿಗೆ ಒಂದು ನಿಮಿಷವಿತ್ತು. ದಿನದ ಹಾಗೆ ಮನೆಗೆ ಬಾ ಅಂತ ಅಳುತ್ತಿದ್ದೀಯ ಅಂದುಕೊಂಡೆ. "ನಾನಿಲ್ಲ ಅಂತ ಹೇಳು," ಅಂದೆ. ಮುಕ್ಕಾಲು ಗಂಟೆ ನೀನು ಅಜ್ಜಿಯ ತಲೆ ತೊಡೆ ಮೇಲಿಟ್ಟುಕೊಂಡು ಕೂತಿದ್ದೆಯಂತೆ, ಪಕ್ಕದ ಮನೆಯವರು ಬರುವವರೆಗೆ. ಆಸ್ಪತ್ರೆಯಲ್ಲಿ "ಎಲ್ಲಿಗೆ ಹೋಗಿದ್ದೆ ಅಮ್ಮ?" ಅಂತ ಕೇಳಿದೆ. "ದಾರೀಲಿದ್ದೆ ಪುಟ್ಟಿ, ನಿನ್ ಹತ್ರಾನೇ ಬರ್ತಿದ್ದೆ," ಅಂದೆ. ನೀನು ನಂಬಿ ನನ್ನ ಮಡಿಲಲ್ಲಿ ನಿದ್ದೆ ಹೋದೆ. ನಾನು ದಾರಿಯಲ್ಲಿರಲಿಲ್ಲ ಮಗಳೇ. ಆ ಫೋನಿನಿಂದ ಮೂರು ಹೆಜ್ಜೆ ದೂರದಲ್ಲಿದ್ದೆ. ಇದಕ್ಕೆ ಕ್ಷಮೆ ಕೇಳುತ್ತೇನೆ, ಇದೊಂದಕ್ಕೆ. ಆ ಬ್ರೇಕಿನಲ್ಲಿ ಹಾಕಿದ್ದು ಯಾವ ಯಾವ ಜಾಹೀರಾತು ಅಂತ ಎಷ್ಟು ಯೋಚಿಸಿದರೂ ನನಗೆ ನೆನಪಾಗುತ್ತಿಲ್ಲ.